ಎರೆಹೊಲದ ಕೆಳಗಿನ ಬೆಂಕಿ ಈಗ ಎಲ್ಲಿದೆ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ರೈತ. ನಮ್ಮ ಎರೆಹೊಲದಲ್ಲಿ ಬಾವಿ ತೋಡಿಸುವಾಗ ಸಿಕ್ಕ ಕಪ್ಪು ಬಂಡೆಯೂ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಜ್ವಾಲಾಮುಖಿಯೂ ಒಂದೇ ಮೂಲದವು ಎಂದು ಓದಿದೆ. ಇದು ನಿಜವೇ? ನಿಜವಾದರೆ ನಡುವೆ ಇರುವ ಲಕ್ಷದ್ವೀಪ, ಮಾಲ್ಡೀವ್ಸ್‌ಗಳಲ್ಲಿ ಜ್ವಾಲಾಮುಖಿ ಏಕಿಲ್ಲ? ಈ ದ್ವೀಪಗಳ ಜನ ಯಾರು, ಅಲ್ಲಿಗೆ ಹೇಗೆ ಬಂದರು? ಮಲ್ಪೆಯ ಸೇಂಟ್ ಮೇರೀಸ್ ದ್ವೀಪವೂ ಇದೇ ಸಾಲಿಗೆ ಸೇರಿದ್ದೇ?

ಉತ್ತರ: ನೀವು ಓದಿದ್ದು ನಿಜ. ನಿಮ್ಮ ಬಾವಿಯ ಬಂಡೆಗೂ ರಿಯೂನಿಯನ್ ದ್ವೀಪದಲ್ಲಿ ಇಂದಿಗೂ ಉರಿಯುತ್ತಿರುವ ಪಿಟೋನ್ ದ ಲಾ ಫೂರ್ನೇಜ್ ಜ್ವಾಲಾಮುಖಿಗೂ ನಡುವೆ ನಾಲ್ಕೂವರೆ ಸಾವಿರ ಕಿಲೋಮೀಟರ್‌ಗೂ ಹೆಚ್ಚಿನ ದೂರವಿದೆ, 6.6 ಕೋಟಿ ವರ್ಷಗಳ ಅಂತರವಿದೆ. ಹಾಗಿದ್ದರೂ ಎರಡನ್ನೂ ಹಡೆದದ್ದು ಭೂಮಿಯ ಆಳದ ಒಂದೇ ಬಿಸಿ ಚಿಲುಮೆ ಎಂಬುದನ್ನು ಬಹುಪಾಲು ಭೂವಿಜ್ಞಾನಿಗಳು ಒಪ್ಪುತ್ತಾರೆ. ಫ್ರೆಂಚಿನಲ್ಲಿ ಆ ಜ್ವಾಲಾಮುಖಿಯ ಹೆಸರಿಗೆ ‘ಕುಲುಮೆಯ ಶಿಖರ’ ಎಂದು ಅರ್ಥ. ಕಮ್ಮಾರ ತನ್ನ ಕುಲುಮೆಯನ್ನು ಅಲುಗಾಡಿಸದೆ ಅದರ ಮೇಲೆ ಕಬ್ಬಿಣದ ಪಟ್ಟಿಯನ್ನು ಮೆಲ್ಲನೆ ಸರಿಸುತ್ತಾ ಹೋದರೆ ಪಟ್ಟಿಯ ಉದ್ದಕ್ಕೂ ಸುಟ್ಟ ಗುರುತುಗಳು ಸಾಲಾಗಿ ಮೂಡುತ್ತವೆ. ಇಲ್ಲಿಯೂ ಆದದ್ದು ಅದೇ: ಬೆಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಅದರ ಮೇಲಿನ ನೆಲ ಸರಿದುಹೋಯಿತು.

ಆಗ ಭಾರತದ ಭೂಫಲಕ (ಭಾರತವನ್ನು ಹೊತ್ತ, ಭೂಮಿಯ ಹೊರಪದರದ ದೊಡ್ಡ ತುಂಡು) ಈಗಿನ ವೇಗದ ಮೂರರಷ್ಟು, ಅಂದರೆ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಓಡುತ್ತಿತ್ತು. ಅದು ಆ ಚಿಲುಮೆಯ ಮೇಲೆ ಹಾಯುವ ಹೊತ್ತಿಗೆ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಡಿ ದಖ್ಖನ್ ಪ್ರಸ್ಥಭೂಮಿಯ ಕರಿಗಲ್ಲಿನ ಹಾಸಾಯಿತು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿರುವ ಈ ಶಿಲಾಹಾಸು ಪಶ್ಚಿಮ ಘಟ್ಟದ ಮಹಾಬಲೇಶ್ವರದ ಸುತ್ತ ಬಹಳ ದಪ್ಪವಾಗಿದ್ದು, ದಕ್ಷಿಣಕ್ಕೂ ಪೂರ್ವಕ್ಕೂ ಬರುತ್ತಾ ತೆಳುವಾಗಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಅದರ ಅಂಚು ಮುಗಿಯುತ್ತದೆ. ಗೋಳಗುಮ್ಮಟವನ್ನು ಕಟ್ಟಿದ ಕಡುಬೂದು ಕಲ್ಲೂ ಇದೇ. ಬಂಡೆ ಕೊಳೆತು ಆದ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುವುದು, ಮಳೆಗೆ ಊದಿಕೊಂಡು ಹಿಂಗಾರಿ ಜೋಳಕ್ಕೆ ಸಾಕಾಗುವಷ್ಟು ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವುದು, ಎಲ್ಲವೂ ಆ ಲಾವಾದಲ್ಲಿದ್ದ ಖನಿಜಗಳಿಂದ ಬಂದ ಗುಣ.

ನೆಲ ಮುಂದೆ ಸರಿದ ಮೇಲೆ ಚಿಲುಮೆ ಸಮುದ್ರದ ತಳಕ್ಕೆ ಬಂದು ಅಲ್ಲಿ ಒಂದರ ಹಿಂದೆ ಒಂದರಂತೆ ಬೆಟ್ಟಗಳನ್ನು ಎಬ್ಬಿಸಿತು. ಇದು ಬರೀ ಊಹೆಯಲ್ಲ. 1987ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಸಂಶೋಧನಾ ಹಡಗು ಈ ಸಾಲಿನ ಉದ್ದಕ್ಕೂ ಸಮುದ್ರತಳವನ್ನು ಕೊರೆದು ಬಂಡೆಯ ತುಣುಕುಗಳನ್ನು ಮೇಲೆತ್ತಿತು. ಅವುಗಳ ವಯಸ್ಸನ್ನು ಅಳೆದಾಗ ಮಾಲ್ಡೀವ್ಸ್‌ನ ಬುಡದ ಬಂಡೆಗೆ ಸುಮಾರು 5.7 ಕೋಟಿ ವರ್ಷ, ಅದರ ದಕ್ಷಿಣಕ್ಕಿರುವ ಚಾಗೋಸ್ ದ್ವೀಪಗಳದಕ್ಕೆ ಸುಮಾರು 4.9 ಕೋಟಿ ವರ್ಷ, ಮಾರಿಷಸ್‌ನ ಉತ್ತರಕ್ಕಿರುವ ಮುಳುಗಿದ ದಿಬ್ಬಗಳ ಬಂಡೆಗೆ 3.3 ಕೋಟಿ ವರ್ಷದಷ್ಟು ಎಂದು ತಿಳಿಯಿತು. ಮಾರಿಷಸ್‌ನ ಅತಿ ಹಳೆಯ ಬಂಡೆಗೆ ಸುಮಾರು 90 ಲಕ್ಷ ವರ್ಷ. ರಿಯೂನಿಯನ್ ನೀರಿನ ಮೇಲೆ ತಲೆಯೆತ್ತಿ ಸುಮಾರು 20 ಲಕ್ಷ ವರ್ಷಗಳಾಗಿವೆ. ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ವಯಸ್ಸೂ ಇಳಿಯುತ್ತದೆ. ಲಕ್ಷದ್ವೀಪದ ಬುಡದಲ್ಲಿ ಲಾವಾದ ಜೊತೆಗೆ ಹಳೆಯ ಭೂಖಂಡದ ತುಣುಕುಗಳೂ ಇವೆ ಎಂಬ ವಾದವೂ ಇದೆ. ಆದರೆ ಸಾಲಿನ ಒಟ್ಟು ಕಥೆಯನ್ನು ಅದು ಬದಲಿಸುವುದಿಲ್ಲ. ನಡುವೆ, ನಾಲ್ಕು ಕೋಟಿ ವರ್ಷಗಳ ಆಸುಪಾಸಿನಲ್ಲಿ, ಸಮುದ್ರತಳ ಬಿರಿಯುವ ಒಂದು ಏಣು ಈ ಚಿಲುಮೆಯನ್ನು ದಾಟಿ ಉತ್ತರಕ್ಕೆ ಸರಿದುಹೋದುದರಿಂದ ಸಾಲು ಎರಡು ತುಂಡಾಗಿ, ಲಕ್ಷದ್ವೀಪದಿಂದ ಚಾಗೋಸ್‌ವರೆಗಿನದು ನಮ್ಮ ಕಡೆಯ ಭೂಫಲಕದಲ್ಲೂ, ಮಾರಿಷಸ್ ಮತ್ತು ರಿಯೂನಿಯನ್ ಆಫ್ರಿಕದ ಕಡೆಯದರಲ್ಲೂ ಉಳಿದವು.

ಸೇಂಟ್ ಮೇರೀಸ್ ದ್ವೀಪವನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಹಲವರು ಸೇರಿಸುತ್ತಾರೆ, ಶಾಲೆಯ ಪ್ರವಾಸಗಳಲ್ಲೂ ಹಾಗೆಯೇ ಹೇಳುವುದನ್ನು ಕೇಳಿದ್ದೇನೆ. ಮಲ್ಪೆಯ ಎದುರಿನ ಆ ಆರು ಮೂಲೆಯ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು; ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲಕ್ಕೆ, ದಕ್ಷಿಣಕ್ಕಿರುವ ಮ್ಯಾರಿಯನ್ ಎಂಬ ಬೇರೆಯೇ ಚಿಲುಮೆಯ ಪ್ರಭಾವದಲ್ಲಿ ಹುಟ್ಟಿದವು. ದಖ್ಖನ್ನಿನ ಕಲ್ಲಿಗಿಂತ ಅವು ಎರಡು ಕೋಟಿ ವರ್ಷಗಳಿಗೂ ಹೆಚ್ಚು ಹಿರಿಯವು.

ಈಗ ಜನರ ವಿಷಯ. ಇದನ್ನು ಹೇಳಲು ಸಾಲಿನ ಕಿರಿಯ ತುದಿಯಿಂದ ಹೊರಡಬೇಕು. ಏಕೆಂದರೆ ಈ ದ್ವೀಪಗಳಲ್ಲಿ ಕೆಳಗಿನ ಬೆಂಕಿ ಆರಿ ಎಷ್ಟು ಕಾಲವಾಯಿತು ಎಂಬುದೇ ಮೇಲೆ ಬದುಕುವವರಿಗೆ ಹೊಳೆ ಸಿಗುತ್ತದೆಯೇ ಇಲ್ಲವೇ, ಹೊಲ ಸಿಗುತ್ತದೆಯೇ ಇಲ್ಲವೇ, ಓಡಿಹೋದವನಿಗೆ ಅಡಗಲು ಮರೆ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸಿದೆ.

ರಿಯೂನಿಯನ್‌ನ ವಿಸ್ತೀರ್ಣ 2,512 ಚದರ ಕಿಲೋಮೀಟರ್. ನಮ್ಮ ಒಂದು ಸಣ್ಣ ಜಿಲ್ಲೆಗಿಂತಲೂ ಚಿಕ್ಕದು. ಆದರೆ ಅದರ ನಡುವೆ ಪಿಟೋನ್ ದೆ ನೇಜ್ ಎಂಬ ಆರಿದ ಜ್ವಾಲಾಮುಖಿ 3,070 ಮೀಟರ್ ಎತ್ತರಕ್ಕೆ ನಿಂತಿದೆ. ಸಮುದ್ರತಳದಿಂದ ಅಳೆದರೆ ಇಡೀ ಬೆಟ್ಟದ ಎತ್ತರ ಸುಮಾರು 7,000 ಮೀಟರ್. ನಾವು ದ್ವೀಪವೆಂದು ಕರೆಯುವುದು ಅದರ ನೆತ್ತಿಯನ್ನಷ್ಟೇ. ಈ ಎತ್ತರಕ್ಕೆ ಚಂಡಮಾರುತಗಳು ಬಂದು ಬಡಿದಾಗ ಬೀಳುವ ಮಳೆಗೆ ಜಗತ್ತಿನಲ್ಲಿ ಸಾಟಿಯಿಲ್ಲ. 1966ರ ಜನವರಿಯಲ್ಲಿ ಫೋಕ್ ಫೋಕ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 1,825 ಮಿಲಿಮೀಟರ್, 2007ರ ಫೆಬ್ರವರಿಯಲ್ಲಿ ಕೊಮೆರ್ಸೋನ್ ಕುಳಿಯ ಬಳಿ ಮೂರು ದಿನಗಳಲ್ಲಿ 3,900 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯಿತು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಇಡೀ ವರ್ಷದ ಮಳೆಯ ಅರ್ಧದಷ್ಟನ್ನು ಮೂರೇ ದಿನಕ್ಕೆ ಸುರಿದಂತೆ ಎಂದು ಲೆಕ್ಕ ಹಾಕಿಕೊಳ್ಳಿ.

ಹೊಸ ಬಂಡೆ, ಕಡಿದಾದ ಇಳಿಜಾರು, ಇಂಥ ಮಳೆ, ಈ ಮೂರೂ ಕೂಡಿ ಬೆಟ್ಟದ ಒಡಲನ್ನು ಕೊರೆದು ಮಫಾತ್, ಸಲಾಜಿ, ಸಿಲಾವೋಸ್ ಎಂಬ ಮೂರು ದೊಡ್ಡ ಬಟ್ಟಲುಗಳನ್ನು ಮಾಡಿವೆ. ನೂರಾರು ಮೀಟರ್ ನೆಟ್ಟಗೆ ನಿಂತ ಗೋಡೆಗಳ ನಡುವಿನ ಈ ಬಟ್ಟಲುಗಳೇ ದ್ವೀಪದ ಇತಿಹಾಸದ ಅತ್ಯಂತ ಮುಖ್ಯವಾದ ಜಾಗಗಳು ಎಂದು ನನಗೆ ಅನ್ನಿಸುತ್ತದೆ. ಕರಾವಳಿಯ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಹತ್ತಿ ಬಂದು ಅಡಗಿದ್ದು ಇಲ್ಲಿಗೇ. ಅವರಲ್ಲಿ ಬಹಳಷ್ಟು ಮಂದಿ ಮಡಗಾಸ್ಕರಿನವರಾದ್ದರಿಂದ ಹೆಸರುಗಳೂ ಆ ಭಾಷೆಯವೇ. ಸಿಲಾವೋಸ್ ಎಂದರೆ ‘ಬಿಟ್ಟು ಹೋಗದ ಜಾಗ’ ಎಂದೂ ಮಫಾತ್ ಎಂದರೆ ‘ಕೊಲ್ಲುವಂಥದು’ ಎಂದೂ ವಿವರಿಸುತ್ತಾರೆ. ಮಫಾತ್ ಎಂಬುದು ಅಲ್ಲಿ ಅಡಗಿದ್ದ ಒಬ್ಬ ಮುಖಂಡನ ಹೆಸರೂ ಆಗಿತ್ತು. ಅವರ ಬೆನ್ನು ಹತ್ತಿ ಹೋದ ಬೇಟೆಗಾರರಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ನಕ್ಷೆಯ ಮೇಲಿನ ಈ ಹೆಸರುಗಳನ್ನು ಓದುವಾಗ, ಓದುಬರಹದ ದಾಖಲೆಯನ್ನು ಬಿಟ್ಟುಹೋಗಲು ಅವಕಾಶವೇ ಇಲ್ಲದಿದ್ದ ಜನ ನೆಲದ ಮೇಲೆಯೇ ಸಹಿ ಹಾಕಿ ಹೋಗಿದ್ದಾರೆ ಎನಿಸಿ ಮನಸ್ಸು ಭಾರವಾಗುತ್ತದೆ.

ಮಫಾತ್‌ಗೆ ಇವತ್ತಿಗೂ ಗಾಡಿಯ ರಸ್ತೆಯಿಲ್ಲ. ಅಲ್ಲಿರುವ ಏಳೆಂಟು ನೂರು ಜನ ಕಣಿವೆಗಳ ನಡುವೆ ಮಟ್ಟಸವಾಗಿ ಉಳಿದ ಸಣ್ಣ ಸಣ್ಣ ಜಾಗಗಳಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅಂಥ ಜಾಗವನ್ನು ಫ್ರೆಂಚಿನಿಂದ ಹುಟ್ಟಿದ ಮಿಶ್ರಭಾಷೆಯಾದ ಅಲ್ಲಿನ ಕ್ರಿಯೋಲ್‌ನಲ್ಲಿ ‘ಇಲೆ’ ಎನ್ನುತ್ತಾರೆ, ಅಂದರೆ ಪುಟ್ಟ ದ್ವೀಪ. ನೀರಿನ ಬದಲು ಪ್ರಪಾತ ಸುತ್ತುವರಿದ ದ್ವೀಪ. ಗ್ಯಾಸ್ ಸಿಲಿಂಡರ್, ಸಿಮೆಂಟು, ಅಕ್ಕಿಮೂಟೆ ಹೆಲಿಕಾಪ್ಟರಿನಲ್ಲಿ ಬಂದಿಳಿಯುತ್ತವೆ. ಕಾಗದ ಹಂಚಲು ಅಂಚೆಯವರು ದಶಕಗಳ ಕಾಲ ಕಾಲ್ನಡಿಗೆಯಲ್ಲೇ ಬೆಟ್ಟ ಹತ್ತಿಳಿದಿದ್ದಾರೆ. ಪಕ್ಕದ ಸಿಲಾವೋಸ್‌ಗೆ ನಾನೂರಕ್ಕೂ ಹೆಚ್ಚು ತಿರುವುಗಳ ಒಂದು ರಸ್ತೆ ಇದೆ, ಅಲ್ಲಿಯ ಚನ್ನಂಗಿ ಬೇಳೆ ದ್ವೀಪದಲ್ಲೆಲ್ಲ ಹೆಸರಾದದ್ದು. ಬಟ್ಟಲುಗಳೂ ಶಿಖರಗಳೂ ಕೂಡಿದ, ದ್ವೀಪದ ಸುಮಾರು ಶೇ 40ರಷ್ಟು ನೆಲ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಉರಿಯುತ್ತಿರುವ ಜ್ವಾಲಾಮುಖಿ ಇರುವುದು ದ್ವೀಪದ ಆಗ್ನೇಯ ಭಾಗದಲ್ಲಿ. ಎತ್ತರ 2,632 ಮೀಟರ್. ಜಗತ್ತಿನಲ್ಲಿ ಅತಿ ಹೆಚ್ಚು ಸಲ ಸಿಡಿಯುವ ಜ್ವಾಲಾಮುಖಿಗಳಲ್ಲಿ ಅದೂ ಒಂದು, ಆದರೆ ಅದರ ಲಾವಾ ತೆಳುವಾಗಿ ಹರಿಯುವಂಥದು ಮತ್ತು ಬಹುತೇಕ ಎಲ್ಲ ಸಲವೂ ಜನವಸತಿಯಿಲ್ಲದ, ಕುದುರೆ ಲಾಳದ ಆಕಾರದ ಒಂದು ಗೋಡೆಯೊಳಗೇ ಹರಿದು ಸಮುದ್ರದ ಕಡೆ ಇಳಿಯುವುದರಿಂದ ಜನ ಅದರೊಂದಿಗೆ ಬದುಕಲು ಕಲಿತಿದ್ದಾರೆ. ಆದರೆ 1977ರ ಏಪ್ರಿಲ್‌ನಲ್ಲಿ ಲಾವಾ ಗೋಡೆಯ ಹೊರಗೆ ಬಾಯಿ ತೆರೆದು ಪಿಟೋನ್ ಸೇಂಟ್ ರೋಜ್ ಎಂಬ ಹಳ್ಳಿಯ ಮನೆಗಳನ್ನು ನುಂಗಿತು. ಊರಿನವರನ್ನು ಮೊದಲೇ ತೆರವು ಮಾಡಿದ್ದರಿಂದ ಜೀವಹಾನಿಯಾಗಲಿಲ್ಲ. ಹಳ್ಳಿಯ ಚರ್ಚಿನ ಬಾಗಿಲ ತನಕ ಬಂದ ಪ್ರವಾಹ ಇಬ್ಭಾಗವಾಗಿ ಗೋಡೆಗಳನ್ನು ಬಳಸಿಕೊಂಡು ಹೋಯಿತು. ಹೊಸ್ತಿಲ ಬಳಿ ಗಟ್ಟಿಯಾದ ಕಪ್ಪು ಲಾವಾವನ್ನು ಇಂದಿಗೂ ಕಾಣಬಹುದು. ಆ ಚರ್ಚನ್ನು ಈಗ ‘ಲಾವಾಗಳ ಮಾತೆ’ಯ ಹೆಸರಿನಿಂದ ಕರೆಯುತ್ತಾರೆ. ಈ ಘಟನೆಯ ನಂತರವೇ ಅಲ್ಲೊಂದು ಜ್ವಾಲಾಮುಖಿ ವೀಕ್ಷಣಾಲಯ ಹುಟ್ಟಿಕೊಂಡಿತು. 2007ರ ಏಪ್ರಿಲ್‌ನ ಭಾರಿ ಸ್ಫೋಟದಲ್ಲಿ ಶಿಖರದ ಕುಳಿ ನೂರಾರು ಮೀಟರ್ ಒಳಕ್ಕೆ ಕುಸಿಯಿತು, ಕರಾವಳಿಯ ಹೆದ್ದಾರಿ ಲಾವಾದಡಿ ಹೂತುಹೋಯಿತು, ದ್ವೀಪದ ಅಂಚು ಸಮುದ್ರದೊಳಕ್ಕೆ ಒಂದಿಷ್ಟು ಬೆಳೆಯಿತು. ಲಾವಾ ತಣಿದ ಕೆಲವೇ ವರ್ಷಗಳಲ್ಲಿ ಅದರ ಮೇಲೆ ಬೂದುಬಿಳುಪಿನ ಕಲ್ಲುಹೂವು ಹಿಡಿಯುತ್ತದೆ, ಆಮೇಲೆ ಜರೀಗಿಡ, ಆಮೇಲೆ ಪೊದೆ. ಮಳೆ ಹೆಚ್ಚಿರುವ ಆ ಪೂರ್ವ ಭಾಗದಲ್ಲಿ ರಸ್ತೆಯುದ್ದಕ್ಕೂ ಒಂದೊಂದು ವರ್ಷದ ಲಾವಾಪಟ್ಟಿಯ ವಯಸ್ಸನ್ನು ಅದರ ಹಸಿರಿನಿಂದಲೇ ಅಂದಾಜು ಮಾಡಬಹುದು.

ರಿಯೂನಿಯನ್‌ಗೂ ಮಾರಿಷಸ್‌ಗೂ ಮೂಲನಿವಾಸಿಗಳೆಂಬವರೇ ಇಲ್ಲ ಎಂಬುದನ್ನು ನೀವು ಮುಖ್ಯವಾಗಿ ಗಮನಿಸಬೇಕು. ಬೆಟ್ಟವಿತ್ತು, ಕಾಡಿತ್ತು, ಹಾರಲಾರದ ಹಕ್ಕಿಗಳಿದ್ದವು, ನೆಲೆಯೂರಿದ ಮನುಷ್ಯರಿರಲಿಲ್ಲ. ಅಲ್ಲಿರುವ ಪ್ರತಿಯೊಬ್ಬರ ಪೂರ್ವಜರೂ ಕಳೆದ ನಾಲ್ಕು ಶತಮಾನಗಳಲ್ಲಿ ಹಡಗಿನಲ್ಲಿ ಬಂದವರು, ಬಹುಪಾಲು ಮಂದಿ ತಾವಾಗಿ ಬಂದವರೂ ಅಲ್ಲ. ರಿಯೂನಿಯನ್‌ನಲ್ಲಿ 1663ರಲ್ಲಿ ಇಬ್ಬರು ಫ್ರೆಂಚರೂ ಕೆಲವರು ಮಡಗಾಸ್ಕರಿನವರೂ ಬಂದು ನೆಲೆಸಿದರು. 1670ರ ದಶಕದಲ್ಲಿ ಪೋರ್ಚುಗೀಸರ ಅಧೀನದಲ್ಲಿದ್ದ ಭಾರತದ ಪಶ್ಚಿಮ ಕರಾವಳಿಯ ಕೆಲವು ಹೆಂಗಸರು ಅಲ್ಲಿನ ವಸಾಹತಿನವರನ್ನು ಮದುವೆಯಾಗಿ ಸಂಸಾರ ಹೂಡಿದರು. 1715ರಲ್ಲಿ ಯೆಮೆನ್ನಿನಿಂದ ಕಾಫಿ ಬಂತು. ದ್ವೀಪದ ಹಳೆಯ ಹೆಸರು ಬೂರ್ಬೋನ್. ನಮ್ಮ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಗೊತ್ತಿರುವ ಬೂರ್ಬನ್ ಕಾಫಿ ತಳಿಗೆ ಹೆಸರು ಬಂದದ್ದು ಇಲ್ಲಿಂದ. ಕಾಫಿಯ ಹಿಂದೆ ಕಬ್ಬು, ಎರಡರ ಹಿಂದೆಯೂ ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕದಿಂದ ತಂದ ಗುಲಾಮರು. 1848ರ ಡಿಸೆಂಬರ್ 20ರಂದು ಗುಲಾಮಗಿರಿ ರದ್ದಾದಾಗ ಬಿಡುಗಡೆಯಾದವರು ಸುಮಾರು 62,000 ಮಂದಿ. ಆ ದಿನವನ್ನು ‘ಫೆತ್ ಕಾಫ್’ ಎಂಬ ಹೆಸರಿನಲ್ಲಿ ಇಡೀ ದ್ವೀಪ ಆಚರಿಸುತ್ತದೆ. ಗುಲಾಮರು ಹುಟ್ಟುಹಾಕಿದ ಮಲೋಯಾ ಹಾಡು ಕುಣಿತ 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಅವರಲ್ಲೊಬ್ಬ ಹುಡುಗನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ವೆನಿಲಾ ಬಳ್ಳಿ ಮೆಕ್ಸಿಕೋದಿಂದ ದ್ವೀಪಕ್ಕೆ ಬಂದಿತ್ತು, ಹೂವನ್ನೂ ಬಿಡುತ್ತಿತ್ತು. ಆದರೆ ಮೆಕ್ಸಿಕೋದ ಜೇನುಹುಳು ಅಲ್ಲಿಲ್ಲದ್ದರಿಂದ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಸೇಂಟ್ ಸುಜಾನ್‌ನ ತೋಟವೊಂದರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಹೂವಿನೊಳಗೆ ಗಂಡು ಮತ್ತು ಹೆಣ್ಣು ಭಾಗಗಳ ನಡುವೆ ಅಡ್ಡವಿರುವ ತೆಳುಪರೆಯನ್ನು ಬಿದಿರಿನ ಸಣ್ಣ ಕಡ್ಡಿಯಿಂದ ಎತ್ತಿ, ಹೆಬ್ಬೆರಳಿನಿಂದ ಎರಡನ್ನೂ ಒತ್ತಿ ಕೂಡಿಸಿ ತೋರಿಸಿದ. ಸ್ವತಂತ್ರನಾದ ಮೇಲೆ ಅವನಿಗೆ ಆಲ್ಬಿಯಸ್ ಎಂಬ ಅಡ್ಡಹೆಸರು ಕೊಟ್ಟರು. ಅವನ ಕೈಚಳಕದಿಂದ ಎಷ್ಟೋ ಜನ ಹಣವಂತರಾದರು, ಅವನು ಮಾತ್ರ 1880ರಲ್ಲಿ ಬಡತನದಲ್ಲೇ ತೀರಿಕೊಂಡ. 2000ದ ನಂತರದ ವರ್ಷಗಳಲ್ಲಿ ವೆನಿಲಾಕ್ಕೆ ಬೆಲೆ ಏರಿದಾಗ ನಮ್ಮ ಮಲೆನಾಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಅಡಿಕೆ ತೋಟದ ನಡುವೆ ಬಳ್ಳಿ ಹಬ್ಬಿಸಿ, ಬೆಳಗಿನ ಹೊತ್ತು ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ನಡೆದ ಹೆಣ್ಣುಮಕ್ಕಳೆಲ್ಲ ಮಾಡಿದ್ದು ಆ ಹುಡುಗ ಕಂಡುಕೊಂಡ ಕೆಲಸವನ್ನೇ.

ಗುಲಾಮಗಿರಿ ನಿಂತ ಮೇಲೆ ಕಬ್ಬಿನ ಗದ್ದೆಗಳಿಗೆ ಕರಾರಿನ ಕೂಲಿಗಳನ್ನು ಭಾರತದಿಂದ, ಮುಖ್ಯವಾಗಿ ಪುದುಚೇರಿ, ಕಾರೈಕಲ್, ಯಾನಂ ಬಂದರುಗಳ ಮೂಲಕ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ತಮಿಳರಾದರೂ ಅವರಿಗೆ ಅಲ್ಲಿ ಅಂಟಿದ ಹೆಸರು ‘ಮಲ್ಬಾರ್’. ಕೂಲಿಗಳನ್ನು ಸರಿಯಾಗಿ ನಡೆಸಿಕೊಳ್ಳುತ್ತಿಲ್ಲವೆಂದು 1882ರಲ್ಲಿ ಬ್ರಿಟಿಷರು ಈ ಸಾಗಣೆಯನ್ನು ನಿಲ್ಲಿಸಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ತಮಿಳು ಮಾತು ಬಹುಮಟ್ಟಿಗೆ ಮರೆತುಹೋಗಿದೆ, ಮನೆಮಾತು ಕ್ರಿಯೋಲ್. ಆದರೆ ದ್ರೌಪದಿಗೆ ಹರಕೆ ಹೊತ್ತು ಕೆಂಡ ಹಾಯುವುದು ನಿಂತಿಲ್ಲ. ಭಾನುವಾರ ಚರ್ಚಿಗೂ ಹೋಗಿ, ತೈಪೂಸಂ ಹಬ್ಬದಲ್ಲಿ ಕಾವಡಿಯನ್ನೂ ಹೊರುವ ಮನೆಗಳಿವೆ. ಅಡುಗೆಯಲ್ಲಿ ‘ಕಾರಿ’, ‘ಮಸಾಲೆ’ ಇವೆ. ನುಗ್ಗೆಸೊಪ್ಪಿಗೆ ‘ಬ್ರೆದ್ ಮುರುಂಗ್’ ಎನ್ನುತ್ತಾರೆ. ಗುಜರಾತಿನಿಂದ ವ್ಯಾಪಾರಕ್ಕೆ ಬಂದ ಮುಸ್ಲಿಮರನ್ನು ‘ಜರಾಬ್’ ಎಂದೂ, ಜಮೀನು ಹಂಚಿಹೋಗಿ ಬಡವರಾಗಿ ಬೆಟ್ಟ ಹತ್ತಿದ ಬಿಳಿಯರನ್ನು ‘ಯಾಬ್’ ಎಂದೂ, ಫ್ರಾನ್ಸಿನಿಂದ ಈಚೆಗೆ ಬಂದವರನ್ನು ‘ಜೋರೆಯ್’ ಎಂದೂ ಕರೆಯುತ್ತಾರೆ. 1946ರಿಂದ ಈ ದ್ವೀಪ ಫ್ರಾನ್ಸಿನದೇ ಒಂದು ಜಿಲ್ಲೆ, ನಾಣ್ಯ ಯೂರೋ. ದಖ್ಖನ್ನಿನ ಬೆಂಕಿಯ ಇಂದಿನ ಬಾಯಿ ಯುರೋಪಿಯನ್ ಒಕ್ಕೂಟದೊಳಗಿದೆ ಎಂಬುದು ವಿಚಿತ್ರವಾದರೂ ನಿಜ.

ಮಾರಿಷಸ್‌ಗೆ ಬಂದರೆ ಬೆಟ್ಟ ತಗ್ಗುತ್ತದೆ. ವಿಸ್ತೀರ್ಣ ರಿಯೂನಿಯನ್‌ಗೆ ಹತ್ತಿರವೇ ಇದ್ದರೂ ಅತಿ ಎತ್ತರದ ಶಿಖರ 828 ಮೀಟರ್ ಮಾತ್ರ. ಮೊದಲ ಜ್ವಾಲಾಮುಖಿಯ ಅಂಚು ಸವೆದು ಸವೆದು ದ್ವೀಪದ ಸುತ್ತ ಚೂಪು ಬೆಟ್ಟಗಳ ತುಂಡು ಬಳೆಯಾಗಿ ಉಳಿದಿದೆ, ಆಮೇಲೆ ಉಕ್ಕಿದ ಲಾವಾ ನಡುವೆ ತುಂಬಿ ಬಯಲಾಗಿದೆ, ದಡದ ಸುತ್ತ ಹವಳ ಬೆಳೆದಿದೆ. ಈ ಬಯಲಿನಿಂದಲೇ ಮಾರಿಷಸ್ ಕಬ್ಬಿನ ದ್ವೀಪವಾಯಿತು. ಆದರೆ ಅದು ಸುಮ್ಮನೆ ಸಿಕ್ಕ ಹೊಲವಲ್ಲ. ಕಬ್ಬಿನ ಗದ್ದೆಗಳ ನಡುನಡುವೆ ಮನೆಯೆತ್ತರದ ಕರಿಗಲ್ಲಿನ ರಾಶಿಗಳು ಕಾಣುತ್ತವೆ. ನೇಗಿಲು ಇಳಿಯಲೆಂದು ಕೂಲಿಗಳು ಬರಿಗೈಯಲ್ಲಿ ಆರಿಸಿ ಒಟ್ಟಿದ ಲಾವಾದ ಗುಂಡುಗಳವು. ಉತ್ತರ ಕರ್ನಾಟಕದಲ್ಲಿ ಹೊಲದ ಬದುವಿಗೆ ಕಲ್ಲು ಆರಿಸಿ ಹಾಕಿದವರಿಗೆ ಆ ಕೆಲಸದ ಭಾರ ಏನೆಂದು ವಿವರಿಸಬೇಕಾಗಿಲ್ಲ.

1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ ಮೂವತ್ತಾರು ಜನ ಕರಾರಿನ ಕೂಲಿಗಳು ಪೋರ್ಟ್ ಲೂಯಿಯಲ್ಲಿ ಇಳಿದರು. ಮುಂದಿನ ಎಂಬತ್ತು ತೊಂಬತ್ತು ವರ್ಷಗಳಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಅದೇ ಬಂದರಿನಿಂದ ಒಳಬಂದರು. ಅವರು ಹತ್ತಿದ ಕಲ್ಲುಮೆಟ್ಟಿಲುಗಳಿರುವ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಎರಡು ವರ್ಷದ ನಂತರ ಅದೇ ಗೌರವ ಲೆ ಮಾರ್ನ್ ಬೆಟ್ಟಕ್ಕೂ ಸಂದಿತು. ಓಡಿಹೋದ ಗುಲಾಮರಿಗೆ ಆಸರೆಯಾಗಿದ್ದ, ಸಮುದ್ರದೊಳಕ್ಕೆ ಚಾಚಿದ ಒಂಟಿ ಬಂಡೆ ಅದು. ದ್ವೀಪದಲ್ಲಿ ಆಫ್ರಿಕ ಮೂಲದ ಕ್ರಿಯೋಲರು, ಭೋಜಪುರಿ, ತಮಿಳು, ತೆಲುಗು, ಮರಾಠಿ ಮೂಲದ ಹಿಂದೂಗಳು, ಮುಸ್ಲಿಮರು, ಚೀನೀಯರು, ಫ್ರೆಂಚ್ ಮೂಲದ ಕೆಲವರು ಸೇರಿ ಸುಮಾರು ಹನ್ನೆರಡೂವರೆ ಲಕ್ಷ ಜನರಿದ್ದಾರೆ. ಎಲ್ಲರಿಗೂ ಸಮಾನವಾದ ಆಡುಮಾತು ಕ್ರಿಯೋಲ್. ಶಿವರಾತ್ರಿಗೆ ಲಕ್ಷಾಂತರ ಜನ ಬಿದಿರಿನ ಕಾವಡಿ ಹೊತ್ತು ನಡೆದುಬರುವ ಗಂಗಾ ತಲಾವ್, ಆರಿದ ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ಕೆರೆ. 1972ರಲ್ಲಿ ಗಂಗೆಯ ನೀರನ್ನು ತಂದು ಅದಕ್ಕೆ ಸೇರಿಸಿದರು. ಮಾರಿಷಸ್‌ಗೇ ಸೇರಿದ, ಪೂರ್ವಕ್ಕಿರುವ ರಾಡ್ರಿಗ್ಸ್ ದ್ವೀಪ 108 ಚದರ ಕಿಲೋಮೀಟರಿನದು. ಅಲ್ಲಿನವರು ಬಹುತೇಕ ಕ್ರಿಯೋಲ್ ಕ್ಯಾಥೊಲಿಕರು, ಇಳಿತದ ಹೊತ್ತಿಗೆ ಹೆಂಗಸರು ಹವಳದ ಬಯಲಿಗಿಳಿದು ಈಟಿಯಿಂದ ಆಕ್ಟೋಪಸ್ ಹಿಡಿಯುತ್ತಾರೆ.

ಅಲ್ಲಿಂದ ಉತ್ತರಕ್ಕೆ ಬೆಟ್ಟಗಳೇ ಇಲ್ಲ. ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಚಿಲುಮೆಯಿಂದ ದೂರ ಸರಿದ ಸಮುದ್ರತಳ ತಣಿದಂತೆ ಕುಗ್ಗಿ ಇಳಿಯುತ್ತದೆ, ಮೇಲಿನ ಬೆಟ್ಟವೂ ಅದರೊಂದಿಗೆ ಮುಳುಗುತ್ತದೆ. ಬೆಚ್ಚನೆಯ ತಿಳಿನೀರಿನಲ್ಲಿ ದಡದ ಹವಳ ಮಾತ್ರ ಮುಳುಗುವ ವೇಗಕ್ಕೆ ಸರಿಯಾಗಿ ಮೇಲಕ್ಕೆ ಬೆಳೆಯುತ್ತಾ ಹೋಗಿ, ಕೊನೆಗೆ ಬೆಟ್ಟ ಕಾಣದಾದರೂ ಅದರ ಸುತ್ತಿನ ಹವಳದ ಬಳೆ ಉಳಿಯುತ್ತದೆ. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ವಿವರಿಸಿದ್ದು ಇದನ್ನೇ. ಮಾಲ್ಡೀವ್ಸ್‌ನಲ್ಲಿ ಜ್ವಾಲಾಮುಖಿ ಇಲ್ಲವೆಂದಲ್ಲ; ಎರಡು ಕಿಲೋಮೀಟರಿನಷ್ಟು ದಪ್ಪದ ಸುಣ್ಣಕಲ್ಲಿನ ಅಡಿಯಲ್ಲಿದೆ. ಹವಳವೂ ನೀರಿನ ಮಟ್ಟ ಮುಟ್ಟದ ಕಡೆ ಸಾಯಾ ದ ಮಾಲ್ಯಾ ಎಂಬ, ಹೆಚ್ಚುಕಡಿಮೆ ಕೇರಳದಷ್ಟು ವಿಸ್ತಾರದ ಮುಳುಗುದಿಬ್ಬವಿದೆ. ಅಲ್ಲಿ ಇರುವುದು ಕಡಲಹುಲ್ಲು, ಮೀನು.

ಚಾಗೋಸ್‌ನಲ್ಲಿ ಜನರಿದ್ದರು. ತೆಂಗಿನ ತೋಟಗಳಲ್ಲಿ ಕೊಬ್ಬರಿ ಮಾಡಲು ತಂದ ಗುಲಾಮರ, ನಂತರದ ಕೂಲಿಗಳ ಸಂತತಿಯವರು ಐದಾರು ತಲೆಮಾರು ಅಲ್ಲೇ ಬಾಳಿದ್ದರು. 1965ರಲ್ಲಿ ಬ್ರಿಟನ್ ಈ ದ್ವೀಪಗಳನ್ನು ಮಾರಿಷಸ್‌ನಿಂದ ಬೇರ್ಪಡಿಸಿತು. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆ ಕಟ್ಟಲೆಂದು 1968ರಿಂದ 1973ರೊಳಗೆ ಸುಮಾರು ಒಂದೂವರೆಯಿಂದ ಎರಡು ಸಾವಿರ ಜನರನ್ನು ಹಡಗು ಹತ್ತಿಸಿ ಮಾರಿಷಸ್ ಮತ್ತು ಸೇಶೆಲ್ಸ್‌ಗೆ ಸಾಗಿಸಲಾಯಿತು. ಅವರ ಸಾಕುನಾಯಿಗಳನ್ನು ಕೊಲ್ಲಲಾಯಿತು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಬ್ರಿಟನ್ ಈ ಆಡಳಿತವನ್ನು ಬೇಗ ಕೊನೆಗಾಣಿಸಬೇಕೆಂದು ಅಭಿಪ್ರಾಯ ಕೊಟ್ಟಿತು, 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ಹಸ್ತಾಂತರದ ಒಪ್ಪಂದಕ್ಕೆ ಸಹಿ ಹಾಕಿದವು. ಅಜ್ಜಿಯ ಸಮಾಧಿಗೆ ದೀಪ ಹಚ್ಚಲು ಅನುಮತಿ ಕೇಳಬೇಕಾದ ಜನರ ಪಾಡನ್ನು ಯಾವ ಒಪ್ಪಂದವೂ ಪೂರ್ತಿ ಸರಿಪಡಿಸಲಾರದು.

ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳ ಕಥೆ ಬೇರೆ. ಇಲ್ಲಿನವರು ಬಹಳ ಹಿಂದೆ ತಮ್ಮ ದೋಣಿಗಳಲ್ಲಿ ತಾವಾಗಿ ಬಂದು ನೆಲೆಸಿದವರು. ಸಿಂಹಳಕ್ಕೆ ಹತ್ತಿರದ ದಿವೇಹಿ ಮಾಲ್ಡೀವ್ಸ್‌ನ ಭಾಷೆ. ಹವಳದ್ವೀಪಕ್ಕೆ ಜಗತ್ತೆಲ್ಲ ಬಳಸುವ ‘ಅಟಾಲ್’ ಎಂಬ ಶಬ್ದ ಅದರ ಕೊಡುಗೆ. ಸಾವಿರಕ್ಕೂ ಹೆಚ್ಚಿರುವ ಈ ದ್ವೀಪಗಳ ನೆಲ ಸಮುದ್ರಕ್ಕಿಂತ ಸರಾಸರಿ ಒಂದೂವರೆ ಮೀಟರ್ ಮೇಲಿದೆ. ಹೊಳೆಯಿಲ್ಲ, ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ಮಳೆನೀರಿನ ತೆಳುಪದರವೇ ಬಾವಿಯ ನೀರು. ಹೊಲವಿಲ್ಲದ ಮೇಲೆ ಅವರು ಸಮುದ್ರವನ್ನೇ ಉತ್ತರು. ಒಣಗಿಸಿದ ಸೂರೆ (ಟ್ಯೂನಾ) ಮೀನು, ತೆಂಗಿನ ನಾರು, ಕವಡೆ. ನಾವು ಇಂದಿಗೂ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವಾಗ ಹೆಸರಿಸುವ ನಾಣ್ಯದ ದೊಡ್ಡ ಟಂಕಸಾಲೆ ಮಾಲ್ಡೀವ್ಸ್‌ನ ಕಡಲೇ ಆಗಿತ್ತು; ಅಲ್ಲಿಂದ ಬಂಗಾಳಕ್ಕೂ, ಯುರೋಪಿನ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಕ್ಕೂ ಕವಡೆ ಹೋಗುತ್ತಿತ್ತು, ಅಲ್ಲಿ ಅದರಿಂದ ಮನುಷ್ಯರನ್ನೂ ಕೊಳ್ಳುತ್ತಿದ್ದರು.

ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್, ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ, 2011ರ ಜನಗಣತಿಯಂತೆ 64,473 ಮಂದಿ. ದಕ್ಷಿಣದ ಮಿನಿಕಾಯ್‌ನಲ್ಲಿ ದಿವೇಹಿಯದೇ ಒಂದು ರೂಪವಾದ ಮಹಲ್ ಭಾಷೆ, ಉಳಿದೆಡೆ ಮಲಯಾಳಂನ ಜೆಸರಿ. ಬಹುತೇಕ ಎಲ್ಲರೂ ಮುಸ್ಲಿಮರು, ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ ಅಲ್ಲಿ ಇನ್ನೂ ಉಳಿದಿದೆ. ನಮಗೆ ನೇರವಾಗಿ ಸಂಬಂಧಿಸಿದ್ದು ಉತ್ತರದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳ ಅಮಿನ್‌ದಿವಿ ಗುಂಪು. 1780ರ ದಶಕದಲ್ಲಿ ಅಲ್ಲಿನವರು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತು ಟಿಪ್ಪು ಸುಲ್ತಾನನ ಆಶ್ರಯ ಕೇಳಿದರು. 1799ರ ನಂತರ ದ್ವೀಪಗಳು ಕಂಪನಿಯ ಕೈಸೇರಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನ ಕಲೆಕ್ಟರರ ಅಧೀನದಲ್ಲಿದ್ದವು. ಅಮಿನಿಯಲ್ಲಿ ‘ಮೊನೆಗಾರ’ ಎಂಬ ಅಧಿಕಾರಿ ಆಡಳಿತ ನೋಡುತ್ತಿದ್ದ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ದಡದ ಉಪ್ಪುನೀರಿನ ಗುಂಡಿಗಳಲ್ಲಿ ಕೊಳೆಹಾಕಿ, ಹೆಂಗಸರು ಬಡಿದು ಹೊಸೆದ ನಾರಿನ ಹುರಿಯನ್ನು ಓಡಂ ಎಂಬ ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ದಿನಸಿ, ಸಿಮೆಂಟು, ಜಲ್ಲಿ ಹೊತ್ತ ಮಂಜಿ ಎಂಬ ಸರಕುದೋಣಿಗಳು ಈಗಲೂ ಹೋಗುತ್ತವೆ. ಹವಳದ ದ್ವೀಪದಲ್ಲಿ ಗಟ್ಟಿ ಕಲ್ಲಿಲ್ಲ, ಅದನ್ನೂ ಹೊರಗಿನಿಂದಲೇ ತರಬೇಕು.

ನನ್ನ ಮೇಜಿನ ಮೇಲೆ ಎರಡು ಕಲ್ಲುಗಳಿವೆ. ಒಂದು ರಿಯೂನಿಯನ್‌ನದು, ಅದರ ಕಪ್ಪಿನಲ್ಲಿ ಹೆಸರುಕಾಳಿನ ಬಣ್ಣದ ಆಲಿವಿನ್ ಹರಳುಗಳು ಹೊಳೆಯುತ್ತವೆ, ಗುಳ್ಳೆಗಳ ತೂತುಗಳು ಇನ್ನೂ ಖಾಲಿಯಿವೆ. ಇನ್ನೊಂದು ನಿಮ್ಮ ಜಿಲ್ಲೆಯ ಬಾವಿಯೊಂದರದು, ಅದರ ತೂತುಗಳಲ್ಲಿ ಕೋಟ್ಯಂತರ ವರ್ಷ ಇಳಿದ ನೀರು ಬಿಳಿಯ ಜಿಯೋಲೈಟ್ ಹರಳನ್ನು ತುಂಬಿದೆ. ಆ ಬೆಂಕಿ ನಿಮ್ಮ ಹೊಲಕ್ಕೆ ಮರಳಿ ಬರುವುದಿಲ್ಲ, ಅದರ ಭಯ ಬೇಡ. ನಿಮ್ಮ ಬಾವಿಯ ಗೋಡೆಯಲ್ಲಿ ಎರಡು ಕಪ್ಪು ಪದರಗಳ ನಡುವೆ ಗೇಣುದ್ದದ ಕೆಂಪು ಪಟ್ಟಿಯೇನಾದರೂ ಕಂಡರೆ, ಒಂದು ಲಾವಾ ತಣಿದು, ಕೊಳೆತು ಮಣ್ಣಾದ ಮೇಲೆ ಇನ್ನೊಂದು ಬಂದು ಅದನ್ನು ಇಟ್ಟಿಗೆಯಂತೆ ಸುಟ್ಟ ಗುರುತು ಅದು. ಪಿಟೋನ್ ದ ಲಾ ಫೂರ್ನೇಜ್‌ನ ಇಳಿಜಾರಿನಲ್ಲಿ ಕಲ್ಲುಹೂವು ಈಗ ಶುರು ಮಾಡಿರುವ ಕೆಲಸ ನಿಮ್ಮಲ್ಲಿ ಎರಡು ಲಾವಾಗಳ ನಡುವಿನ ಆ ಬಿಡುವಿನಲ್ಲೇ ಮುಗಿದಿತ್ತು. ಆ ಪಟ್ಟಿ ಜಿಗುಟಾಗಿದ್ದು ನೀರನ್ನು ಕೆಳಗೆ ಬಿಡದ ಕಾರಣ ಎಷ್ಟೋ ಬಾವಿಗಳಲ್ಲಿ ಒಸರು ಕಾಣುವುದು ಅದರ ಮೇಲಂಚಿನಲ್ಲೇ. ಅದು ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ, ಪಕ್ಕದ ಹೊಲದವರು ಬಾವಿ ತೋಡಿಸುವಾಗ ಉಪಯೋಗಕ್ಕೆ ಬರುತ್ತದೆ.